ಪಗಡಿ ಆಡಲು ಯಾರು ಯಾರ ಮನೆಗೆ ಹೋಗಬೇಕು

ನಮ್ಮ ಮನೆಗೆ ಹೊಸ ವಸ್ತು ಯಾವುದು ಬಂದರೂ ಅದು ಮೊದಲು ನಮ್ಮ ರೂಢಿಗಳಿಗೆ ಹೊಂದಿಕೊಳ್ಳಬೇಕು. ಹೊಂದಿಕೊಳ್ಳುವ ತನಕ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಬ್ಯಾಡಗಿಯ ನಮ್ಮ ಓಣಿಯಲ್ಲಿ ಅವ್ವನಿಗೂ ಪಕ್ಕದ ಮನೆಯ ಮುಸ್ಲಿಂ ಅಜ್ಜಿ, ನಾವೆಲ್ಲ ಖಾಲಾ ಎಂದು ಕರೆಯುವವರಿಗೂ ಮೂವತ್ತು ವರ್ಷದ ಪಗಡಿಯಾಟದ ನಂಟು. ಆರು ತಿಂಗಳ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಹೊಸ್ತಿಲು ದಾಟಬೇಡಿ ಎಂದರು ಹಾವೇರಿಯ ಡಾಕ್ಟರು. ಖಾಲಾ ಅವರ ಮೊಣಕಾಲು ನಮ್ಮ ಮನೆಯ ಐದು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ನಡುವೆ ಇರುವುದು ಒಂದೇ ಗೋಡೆ, ಆದರೂ ಆಟ ನಿಂತುಹೋಯಿತು. ಅವ್ವನ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು.

ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಕಂಪ್ಯೂಟರ್ ಓದುವ ನನ್ನ ಮಗಳು ಇದನ್ನು ನೋಡಿ, ಫೋನಿನಲ್ಲಿ ಆಡುವ ಪಗಡಿ ತಯಾರಿಸಲು ಕೂತಳು. ಎರಡೂ ಮನೆಗೆ ನಮ್ಮದೇ ವೈಫೈ, ಗೋಡೆಯ ಆಚೆಗೊಂದು ಫೋನು, ಈಚೆಗೊಂದು. ಪರೀಕ್ಷೆ ಮಾಡಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

೧. ಜಗಲಿಯ ಡಬ್ಬಿ

ಮೊದಲ ದಿನ ಖಾಲಾ ಅವರ ಫೋನಿಗೆ ವೈಫೈಯೇ ಮುಟ್ಟಲಿಲ್ಲ. ಅದರ ಡಬ್ಬಿ ಇದ್ದದ್ದು ಮನೆಯ ಆ ತುದಿಗೆ, ದೇವರ ಜಗಲಿಯ ಮೇಲೆ. ಬೆಲೆಯುಳ್ಳ ವಸ್ತುವೆಂದು ನಾನೇ ಅಲ್ಲಿ ಇಟ್ಟಿದ್ದೆ.

"ಅಪ್ಪಾ, ಇದನ್ನ ನಡುವಿನ ಗೋಡೀ ಹತ್ರ ಇಡಬೇಕು" ಎಂದಳು ಮಗಳು.

"ಇವತ್ತ ಮಂಗಳವಾರ ಐತಿ. ಜಗಲಿ ಮ್ಯಾಲಿಂದ ಏನೂ ಇಳಸೂದಿಲ್ಲ. ನಾಳೆ ನೋಡೂಣು."

"ಇದು ದೇವರಲ್ಲಪ್ಪಾ, ಡಬ್ಬಿ."

ಹಾಗೆನ್ನುತ್ತ ಅಲ್ಲೇ ಅದನ್ನು ತಿರುವಿ ನೋಡಿದಳು. ಗಾಳಿಯಾಡುವ ಕಿಂಡಿಗಳ ತುಂಬ ವಿಭೂತಿ. ಮುಂಭಾಗದಲ್ಲಿ ಸ್ಪಷ್ಟವಾಗಿ ಮೂರು ಬೆರಳಿನ ಗುರುತು. ನನ್ನ ಮುಖ ನೋಡಿದಳು.

"ಪೂಜಾ ಮಾಡೂ ಮುಂದ ಸಾಲಿನಾಗ ನಿಂತಿತ್ತವಾ" ಎಂದೆ. "ಒಂದನ್ನ ಬಿಟ್ಟು ಉಳಿದವಕ್ಕ ಹಚ್ಚಾಕ ಮನಸ್ಸು ಬರಲಿಲ್ಲ."

೨. ಬ್ಯಾಡ ಅಂದವರು ಯಾರು

ಬುಧವಾರ ಡಬ್ಬಿ ಗೋಡೆಯ ಗೂಡಿಗೆ ಬಂತು. ಅವ್ವ ಗುಂಡಿ ಒತ್ತಿದಳು. ಫೋನಿನಲ್ಲಿ ಮೂಡಿದ್ದನ್ನು ನಾನು ಗಟ್ಟಿಯಾಗಿ ಓದಿದೆ: 'ಸಂಪರ್ಕ ನಿರಾಕರಿಸಲಾಗಿದೆ.'

ಮಗಳಿಗೆ ಖುಷಿಯೋ ಖುಷಿ. "ನಿನ್ನೆಗಿಂತ ಇದು ಚಲೋನಪ್ಪಾ. ನಮ್ಮ ಕರೆ ಆ ಫೋನಿನ ಬಾಗಿಲತನಕ ಹೋಗಿ ಮುಟ್ಟೇತಿ. ಬಾಗಿಲು ತೆಗಿಯವರಿಲ್ಲ, ಅಷ್ಟ."

ಅವ್ವನ ಕಣ್ಣಲ್ಲಿ ಮಾತ್ರ ನೀರು. "ಆಕಿ ಬ್ಯಾಡ ಅಂದ್ಲೇನು? ಕಡೀ ಆಟದಾಗ ನಾ ಆಕೀ ಕಾಯಿ ಹೊಡದಿದ್ದೆ. ಅದನ್ನ ಮನಸ್ಸಿನಾಗ ಇಟ್ಕೊಂಡಾಳ."

ಮಗಳು ಆ ಸಾಲನ್ನು ಅಳಿಸಿ, 'ದಯವಿಟ್ಟು ಸ್ವಲ್ಪ ತಡೆಯಿರಿ' ಎಂದು ಬರೆದಿಟ್ಟು ಕಾಲೇಜಿಗೆ ಹೋದಳು. ಸಂಜೆ ಬಸ್ಸಿಳಿದು ಬಂದು ನೋಡಿದರೆ ಅಜ್ಜಿ ಫೋನು ಹಿಡಿದು ಕೂತೇ ಇದ್ದಾಳೆ. ಮಧ್ಯಾಹ್ನದ ರೊಟ್ಟಿಯನ್ನೂ ಒಂದೇ ಕೈಯಲ್ಲಿ ಮುರಿದು ತಿಂದಿದ್ದಳು.

"ಅಷ್ಟು ಮರ್ಯಾದಿಲೆ ಹೇಳೈತಿ" ಎಂದಳು ಅವ್ವ. "ಕೆಳಗ ಹೆಂಗ ಇಡ್ಲಿ?"

೩. ಇಬ್ಬರೂ ಹೊರಟವರು

ಎರಡೂ ಫೋನನ್ನು ಮಗಳೇ ಹಿಡಿದರೆ ಆಟ ಸುಸೂತ್ರ. ಅಜ್ಜಿಯರ ಕೈಗೆ ಕೊಟ್ಟರೆ 'ತಡೆಯಿರಿ'. ತಾನು ಬರೆದದ್ದನ್ನೆಲ್ಲ ಅವಳು ಮೂರು ದಿನ ಮತ್ತೆ ಮತ್ತೆ ಓದಿದಳು. ತಪ್ಪು ಸಿಗಲಿಲ್ಲ. "ಬಿಡವಾ, ನಮ್ಮ ಆಟ ಮುಗೀತು" ಎಂದು ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ದಿನ ನನಗೂ ಊಟ ಸೇರಲಿಲ್ಲ.

ಭಾನುವಾರ ಮಗಳು, "ಅಪ್ಪಾ, ನೀ ಅಜ್ಜೀ ಬೆರಳು ನೋಡು. ನಾ ಅಲ್ಲಿ ಹೋಗಿ ಅವರ ಬೆರಳು ನೋಡ್ತೀನಿ" ಎಂದು ಪಕ್ಕದ ಮನೆಗೆ ಹೋದಳು.

ಆಟದ ಮೊದಲಿಗೆ ಎರಡು ಗುಂಡಿಗಳಿವೆ. 'ನಮ್ಮನೆಗೆ ಬನ್ನಿ' ಎಂದು ಒಂದು, 'ನಾನೇ ಬರುವೆ' ಎಂದು ಇನ್ನೊಂದು. ಒಬ್ಬರು ಕರೆದು ಕಾಯಬೇಕು, ಇನ್ನೊಬ್ಬರು ಹೋಗಬೇಕು. ಅವ್ವ ಒತ್ತಿದ್ದು 'ನಾನೇ ಬರುವೆ'. ಅದನ್ನು ಮಗಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

ಗೋಡೆಯಾಚೆಯಿಂದ ಮಗಳು ಕೂಗಿ ಹೇಳಿದಳು, "ಇಲ್ಲೂ ಅದನ್ನ ಒತ್ತ್ಯಾರಪ್ಪಾ. ಇಬ್ಬರೂ ಹೊಂಟ್ರ ಬಾಗಿಲು ತೆಗಿಯವರು ಯಾರು?"

ಹಿಂದೆಯೇ ಖಾಲಾ ಅವರ ದನಿ: "ಬಿದ್ದು ಮಲಗಿದವರನ್ನ ನಾವ ಹೋಗಿ ಮಾತಾಡ್ಸಬೇಕು. ನಮ್ಮ ಮನೀಗೆ ಬರ್ರಿ ಅನ್ನೂದು ಯಾವ ರೀತಿ?"

"ಅವ್ವಾ, ಅವರ ಬರ್ಲಿ ಬಿಡು" ಎಂದೆ.

ಅವ್ವ ಫೋನನ್ನು ಎದೆಗೆ ಒತ್ತಿಕೊಂಡಳು. "ಆರು ತಿಂಗಳಿಂದ ಎಲ್ಲಾರೂ ನನ್ನ ಹತ್ರನ ಬರಾಕತ್ತಾರ. ನಾ ಯಾರ ಮನೀಗೂ ಹೋಗಿಲ್ಲ. ಇವತ್ತರ ಹೋಗಿ ಬರ್ತೀನಿ."

ಆ ಮಾತು ಗೋಡೆಯಾಚೆಗೂ ಕೇಳಿಸಿತು. ಆಮೇಲೆ ಖಾಲಾ ಅವರು ನಿಧಾನವಾಗಿ, "ಬರ್ರಿ ಅಕ್ಕಾರ, ಬಾಗಿಲು ತೆಗದೇನಿ" ಎಂದರು.

ಅವ್ವ ತಕ್ಷಣ ಒತ್ತಲಿಲ್ಲ. ನನ್ನ ಹೆಂಡತಿಯಿಂದ ತಲೆ ಬಾಚಿಸಿಕೊಂಡು, ಇಳಕಲ್ ಸೀರೆ ತರಿಸಿ ಮೈಮೇಲೆ ಹೊದ್ದುಕೊಂಡು, ಆಮೇಲೆ ಒತ್ತಿದಳು. ಪಗಡಿ ಹಾಸು ತೆರೆದುಕೊಂಡಿತು. ಹತ್ತು ನಿಮಿಷಕ್ಕೆ ಮಗಳು ಚಹಾದ ಕಪ್ಪು ಹಿಡಿದು ಹುಷಾರಾಗಿ ನಮ್ಮ ಮೆಟ್ಟಿಲು ಹತ್ತಿ ಬಂದಳು. "ಮನೀಗೆ ಬಂದವರನ್ನ ಚಹಾ ಇಲ್ಲದ ಹೆಂಗ ಕೂಡಸ್ಲಿ ಅಂದ್ರು" ಎಂದಳು.

ಒಂದು ತಾಸು ಆಡಿ, ಸೋತು, "ಹೋಗಿ ಬರ್ತೀನವಾ" ಎಂದು ಗೋಡೆಗೆ ಹೇಳಿ ಅವ್ವ ಫೋನು ಕೆಳಗಿಟ್ಟಳು. ದೊಡ್ಡದೊಂದು ಉಸಿರು ಬಿಟ್ಟು ನನ್ನ ಕಡೆ ತಿರುಗಿದಳು.

"ಸುಮ್ಮನ ನಿಂತೀಯಲ್ಲೋ. ಹೊರಗಿಂದ ಬಂದೇನಿ, ಕಾಲಿಗೆ ನೀರು ತಾ."