ವೆಂಡೆಲ್‌ಗೆ ಮೂವತ್ತೇಳು, ಲೈಲ್‌ಗೆ ಮೂರು

ಭಾನುವಾರ ಚರ್ಚಿನ ಅಡುಗೆಮನೆಯಿಂದ ರೆನೇ ಫೋನು ಮಾಡಿದಾಗ ಅವಳ ಗಂಡ ಲೈಲ್ ಟ್ವೈಟ್ ಸೋಫಾದ ಮೇಲೆ ಮಹಾರಾಜನಂತೆ ಒರಗಿದ್ದ.

"ಲೈಲ್, ನನ್ನ ಅಕೌಂಟು ತೆಗೆದು ಆ ನಲವತ್ತು ಜನದ ಹಾಟ್‌ಡಿಷ್ ಅಡುಗೆ ಪುಟ ಓದು. ಓವನ್ ಎಷ್ಟು ಡಿಗ್ರಿ ಅಂತ ಮರ್ತೇ ಹೋಯ್ತು."

ಮನೆಗೆ ಇದ್ದದ್ದು ಒಂದೇ ಕಂಪ್ಯೂಟರು. ಅದರೊಳಗೆ ಗಂಡನಿಗೊಂದು ಅಕೌಂಟು, ಹೆಂಡತಿಗೊಂದು. ಅವನು ಗುರುತು ಹಾಕಿಟ್ಟ ಪುಟ ಅವಳಿಗೆ ಕಾಣದು, ಅವಳದು ಅವನಿಗೆ ಕಾಣದು.

"ಪಾಸ್‌ವರ್ಡ್ ಹೇಳು."

"ಇಷ್ಟು ಜನರ ಮುಂದೆ ಹೇಗೆ ಹೇಳ್ಲಿ? ಕೈಯೆಲ್ಲ ಹಿಟ್ಟು, ಸ್ಪೀಕರ್ ಹಾಕಿದೀನಿ. ನೀನೇ ಊಹಿಸು."

ಇಪ್ಪತ್ತೇಳು ವರ್ಷ ಸಂಸಾರ ಮಾಡಿದವನಿಗೆ ಇದೊಂದು ಲೆಕ್ಕವೇ! "ಗೊತ್ತಾಯ್ತು ಬಿಡು. ನಮ್ಮ ಮದುವೆ ದಿನ. ಜೂನ್ ಹದಿನಾಲ್ಕು!"

ಅತ್ತ ಪಾತ್ರೆಗಳ ಸದ್ದೆಲ್ಲ ಒಮ್ಮೆಗೇ ನಿಂತಿತು. ಆಮೇಲೆ ಅಲ್ಲೇ ಅಡುಗೆಗೆ ನಿಂತಿದ್ದ ಆರ್ಡಿಸ್ ಅಜ್ಜಿಯ ದನಿ ಕೇಳಿಸಿತು. "ಇಪ್ಪತ್ತೊಂದು ಕಣಪ್ಪಾ. ಮದುವೆ ಕೇಕು ಮಾಡಿದವಳೇ ನಾನು."

"ಪಾಸ್‌ವರ್ಡು ಅದೂ ಅಲ್ಲ," ಎಂದಳು ರೆನೇ.

ಹನ್ನೆರಡು ಹೆಂಗಸರು ಒಟ್ಟಿಗೆ ನಕ್ಕ ಆ ನಗು ಉತ್ತರ ಮಿನೆಸೋಟದ ಚಳಿಗಿಂತ ಹೆಚ್ಚು ಕೊರೆಯಿತು.

ಲೈಲ್ ಸಾಮಾನ್ಯನಲ್ಲ. ಕೌಂಟಿ ಕಚೇರಿಯಲ್ಲಿ ಯಾರ ಕಂಪ್ಯೂಟರು ಮುಷ್ಕರ ಹೂಡಿದರೂ "ಆರಿಸಿ ಹಾಕಿ ನೋಡಿ" ಎಂದು ಸಲಹೆ ಕೊಟ್ಟು ತಂತ್ರಜ್ಞನೆಂದು ಹೆಸರು ಪಡೆದ ಪುರುಷ. ಅಂದು ಸಂಜೆಯೇ ಹೆಂಡತಿಯ ಮುಂದೆ ನಿಂತು ಘೋಷಿಸಿದ: "ಇನ್ನು ಈ ಮನೇಲಿ ನಿಂದು ನಂದು ಅನ್ನೋ ಮಾತೇ ಇಲ್ಲ! ಎರಡು ಅಕೌಂಟು, ಒಂದೇ ಬುಕ್‌ಮಾರ್ಕು!"

"ಆಗ್ಲಿ. ನಂದೇನೂ ಅಳಿಸಿಹೋಗಬಾರದು ಅಷ್ಟೇ," ಎಂದು ರೆನೇ ಪಾಸ್‌ವರ್ಡನ್ನು ತಾನೇ ಒತ್ತಿಕೊಟ್ಟು ಒಗೆಯುವ ಬಟ್ಟೆಯತ್ತ ನಡೆದಳು.

ಲೈಲ್ ಇಬ್ಬರ ಬುಕ್‌ಮಾರ್ಕುಗಳನ್ನೂ ಒಂದೇ ಫೈಲಿಗೆ ಸುರಿದ. ಆ ಫೈಲನ್ನು ಇಬ್ಬರೂ ತೆರೆಯಬಹುದಾದ ಜಾಗದಲ್ಲಿಟ್ಟು, ಎರಡೂ ಅಕೌಂಟುಗಳಿಗೆ ಅತ್ತ ದಾರಿ ತೋರಿಸಿದ. ಎರಡು ಸಾಮ್ರಾಜ್ಯಗಳ ವಿಲೀನ ಮೂರೇ ಗಂಟೆಯಲ್ಲಿ, ಎರಡೇ ಬೈಗುಳಗಳಲ್ಲಿ ಮುಗಿಯಿತು! ಬೀಗುತ್ತಾ ತನ್ನ ಅಕೌಂಟು ತೆರೆದ. ಹೆಂಡತಿಯ ಫೋಲ್ಡರುಗಳೆಲ್ಲ ಸಾಲಾಗಿ ಬಂದು ನಿಂತಿದ್ದವು. ಚರ್ಚು. ಹೊಲಿಗೆ. ಲೈಲ್. ವೆಂಡೆಲ್.

ವೆಂಡೆಲ್?

ವೆಂಡೆಲ್ ಪಕ್ಕದ ಮನೆಯವನು. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಅರವತ್ತೊಂದಾದರೂ ತಲೆಯ ಒಂದು ಕೂದಲೂ ಉದುರಿರಲಿಲ್ಲ. ಸಾಲದ್ದಕ್ಕೆ ಹಿಮ ಬಳಿಯಲು ದೀಪವಿರುವ ಕಿತ್ತಳೆ ಬಣ್ಣದ ದೈತ್ಯ ಸ್ನೋಬ್ಲೋವರ್ ಯಂತ್ರ ಬೇರೆ!

ಲೈಲ್ ಮೊದಲು ತನ್ನ ಹೆಸರಿನ ಫೋಲ್ಡರ್ ತೆರೆದ. ಒಳಗಿದ್ದದ್ದು ಮೂರು ಪುಟ. ಗೊರಕೆಗೆ ಪರಿಹಾರ, ಕೊಲೆಸ್ಟರಾಲ್ ಇಳಿಸುವ ಓಟ್ಸ್ ಗಂಜಿ, ಹಳೆಯ ಒರಗುಕುರ್ಚಿಯನ್ನು ಬಿಸಾಡುವ ವಿಧಾನ.

ಆಮೇಲೆ ವೆಂಡೆಲ್‌ನದನ್ನು ತೆರೆದ. ಮೂವತ್ತೇಳು ಪುಟ! ನಿಂಬೆ ಬಾರ್, ಕುಂಬಳದ ಬಾರ್, ಮೂರು ಪದರದ ಚಾಕೊಲೇಟ್ ಬಾರ್, ಬೆಣ್ಣೆಯಲ್ಲೇ ಮುಳುಗಿಸಿದ ಬಾದಾಮಿ ಬಾರ್. ಜಗತ್ತಿನಲ್ಲಿ ಓವನಿನಲ್ಲಿಟ್ಟು ಚೌಕಕ್ಕೆ ಕತ್ತರಿಸಬಹುದಾದ ಸಿಹಿಯೆಲ್ಲ ಅಲ್ಲಿ ವೆಂಡೆಲ್‌ನ ಹೆಸರಿನಲ್ಲಿ ಕೂತಿತ್ತು. ಕೈಹಿಡಿದ ಗಂಡನಿಗೆ ಗಂಜಿ, ಪಕ್ಕದ ಮನೆಯವನಿಗೆ ಬೆಣ್ಣೆ! ಲೈಲ್‌ನ ಹೊಟ್ಟೆಯಲ್ಲಿ ಹತ್ತಿದ ಉರಿಯಲ್ಲಿ ಆ ಮೂವತ್ತೇಳನ್ನೂ ಒಟ್ಟಿಗೆ ಬೇಯಿಸಬಹುದಿತ್ತು.

ಆದರೆ ಆ ಸೀಮೆಯವರು ಬಾಯಿಬಿಟ್ಟು ಕೇಳುವವರಲ್ಲ. ಮನಸ್ಸಿನಲ್ಲೇ ಕುದ್ದು ಹವಾಮಾನದ ಬಗ್ಗೆ ಮಾತಾಡುವವರು. "ನಾಳೆ ಹಿಮ ಬೀಳುತ್ತಂತೆ," ಎಂದ ಲೈಲ್. "ಬೀಳುತ್ತಂತೆ," ಎಂದಳು ರೆನೇ. ಅವಳು ಮಲಗಲು ಹೋದ ಮೇಲೆ ಅವನು ತನ್ನ ಅಕೌಂಟಿನಲ್ಲಿ ಸಂಶೋಧನೆಗೆ ಕೂತ. ಒಳ್ಳೊಳ್ಳೆಯ ಪುಟಗಳನ್ನೆಲ್ಲ ಆರಿಸಿ, ಮುಂದೆ ಬೇಕಾದೀತೆಂದು ಗುರುತು ಹಾಕಿಟ್ಟ.

ಬೆಳಗ್ಗೆ ಅವನು ಗಂಜಿಗೆ ಚಮಚ ಹಾಕುತ್ತಿರುವಾಗ ರೆನೇ ಕಾಫಿ ಬಗ್ಗಿಸುತ್ತಾ ಕೇಳಿದಳು: "ಹನ್ನೊಂದರಲ್ಲಿ ನಂಗೆ ಎಷ್ಟು ಬಂತು?"

"ಯಾವ ಹನ್ನೊಂದು?"

"'ಹೆಂಡತಿಯ ಮನಸ್ಸು ಬೇರೆಡೆ ವಾಲಿದೆಯೇ? ಹನ್ನೊಂದು ಸುಳಿವುಗಳು.' ನನ್ನ ಹೊಲಿಗೆ ಪುಟದ ಕೆಳಗೇ ಕೂತಿತ್ತು. ಅದರ ಕೆಳಗೆ 'ಅತಿ ಸಿಹಿ ತಿನ್ನುವ ಗಂಡಸರ ಆಯುಷ್ಯ.' ಅದರ ಕೆಳಗೆ 'ಐವತ್ತರ ನಂತರ ಕೂದಲು ಬೆಳೆಯುವುದೇ?'"

ಲೈಲ್ ಚಮಚ ಕುಕ್ಕಿದ. "ನೀನು... ನನ್ನ ಅಕೌಂಟಿಗೆ ಕೈ ಹಾಕಿದೆಯಾ!"

"ನಿನ್ನ ಅಕೌಂಟು ನಂಗ್ಯಾಕೆ ಮಾರಾಯ? ನಂದನ್ನೇ ತೆಗೆದೆ. ನಿಂದು ನಂದು ಇಲ್ಲ ಅಂತ ಸಾರಿದವನು ನೀನೇ ತಾನೇ?"

ಸೆರೆಸಿಕ್ಕ ಸೇನಾಪತಿಗೆ ಉಳಿದದ್ದು ಧೈರ್ಯವೊಂದೇ. "ನಾಲ್ಕು ಬಂತು! ಒಂಬತ್ತನೇದು 'ಪರರಿಗಾಗಿ ವಿಶೇಷ ಅಡುಗೆ.' ಅವನಿಗೆ ಮೂವತ್ತೇಳು, ನಂಗೆ ಮೂರು! ಏನಿದರ ಅರ್ಥ?"

ರೆನೇ ಕಿಟಕಿಯತ್ತ ಕೈ ತೋರಿಸಿದಳು. "ನವೆಂಬರಿಂದ ನಮ್ಮಂಗಳದ ಹಿಮ ಯಾರು ತೆಗೀತಿದಾರೆ ಅಂದ್ಕೊಂಡೆ? ತಾನಾಗೇ ಕರಗುತ್ತೆ ಅಂತಾನಾ?"

ಲೈಲ್ ನಿಜಕ್ಕೂ ಹಾಗೇ ಅಂದುಕೊಂಡಿದ್ದ. ಜನವರಿಯಲ್ಲಿ!

"ನೀನು ಏಳೋದು ಏಳೂವರೆಗೆ. ಅವನು ಐದೂವರೆಗೇ ಬಂದು ಬಳಿದು ಹೋಗ್ತಾನೆ. ಅದಕ್ಕೆ ಒಂದು ಪ್ಯಾನ್ ಬಾರ್ ಕೊಟ್ಟೆ. ಪ್ಯಾನು ಖಾಲಿ ವಾಪಸ್ ಕೊಡಬಾರದಲ್ಲ, ಅವನು ಹೊಗೆಯಲ್ಲಿಟ್ಟ ಮೀನು ತುಂಬಿ ಕಳಿಸಿದ. ನಾನಾದ್ರೂ ಖಾಲಿ ಹೇಗೆ ಕೊಡ್ಲಿ? ಮತ್ತೆ ಬಾರ್. ಮತ್ತೆ ಮೀನು. ಅವನಿಗೆ ಸಿಹಿ ಸೇರಲ್ಲ, ನಂಗೆ ಮೀನು ಸೇರಲ್ಲ. ಇಬ್ಬರಿಗೂ ನಿಲ್ಲಿಸೋಕೆ ಗೊತ್ತಾಗ್ತಿಲ್ಲ."

ಇಷ್ಟಕ್ಕೆ ಯಾವ ಗಂಡನಾದರೂ ಸಮಾಧಾನಗೊಳ್ಳಬೇಕಿತ್ತು. ಲೈಲ್‌ಗೆ ಮಾತ್ರ ಹೊಟ್ಟೆಕಿಚ್ಚು ಇಮ್ಮಡಿಸಿತು. ತನ್ನ ಅಂಗಳದಲ್ಲಿ ಪರಪುರುಷನ ಯಂತ್ರ ಓಡಾಡುವುದೇ!

"ನಾಳೆಯಿಂದ ನೋಡ್ತಿರು!" ಎಂದು ಗುಡುಗಿ ಅಲಾರಾಂ ಐದಕ್ಕೆ ತಿರುಗಿಸಿದ.

ಮರುದಿನ ಎಂಟಿಂಚು ಬಿದ್ದಿತ್ತು. ಲೈಲ್ ಸಲಿಕೆ ಹಿಡಿದು ತನ್ನ ಅಂಗಳ ಬಳಿದ. ಜಯದ ಅಮಲು ಏರಿ ವೆಂಡೆಲ್‌ನ ಅಂಗಳಕ್ಕೂ ನುಗ್ಗಿದ. ಇಂದಿನಿಂದ ಋಣ ಅವನ ತಲೆಗೆ! ಕೊನೆಯ ಸಲಿಕೆ ಎತ್ತುವಾಗ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಸಲಿಕೆ ಒಂದೆಡೆ, ಲೈಲ್ ಒಂದೆಡೆ.

ವೆಂಡೆಲ್ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ. ಅಂಗಳ ನೋಡಿದ, ಮಲಗಿದ್ದ ಲೈಲ್‌ನನ್ನು ನೋಡಿದ. "ಪರವಾಗಿಲ್ಲ, ಚೆನ್ನಾಗೇ ಬಳಿದಿದೀಯ," ಎಂದ. ಹೆಪ್ಪುಗಟ್ಟಿದ ಕೆರೆಗೆ ಮೀನು ಹಿಡಿಯಲು ಒಯ್ಯುವ ಜಾರುಬಂಡಿ ತಂದು, ಅವನನ್ನು ಅದರ ಮೇಲೆ ಹೊರಳಿಸಿದ. ಒಳಗೆ ಹೋಗಿ ಪ್ಯಾನು ತಂದು ಅವನ ಹೊಟ್ಟೆಯ ಮೇಲಿಟ್ಟ. ಅದರ ತುಂಬ ಮೀನು.

ಹೀಗೆ ಲೈಲ್ ಟ್ವೈಟ್, ಮೀನಿನ ಸಮೇತ, ತನ್ನ ಮನೆಬಾಗಿಲಿಗೆ ಎಳೆಸಿಕೊಂಡು ಬಂದ.

ವೆಂಡೆಲ್ ಹೋದ ಮೇಲೆ ರೆನೇ ಅವನ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿ ಕೂತಳು. ಎಷ್ಟೋ ವರ್ಷದ ಮೇಲೆ ಅವಳು ಅಷ್ಟು ಹತ್ತಿರ ಕೂತಿದ್ದಳು. ಲೈಲ್‌ನ ಕಣ್ಣು ತೇವವಾಯಿತು. ಬಾಯಿಬಿಟ್ಟು ಕೇಳದವರ ಸೀಮೆಯಲ್ಲಿ ಹುಟ್ಟಿದ್ದನ್ನೂ ಮರೆತು ಕೇಳಿಯೇಬಿಟ್ಟ.

"ನಿಜ ಹೇಳು ಕಣೇ. ನಿಂಗೆ ನಾನು ಹೆಚ್ಚೋ, ವೆಂಡೆಲ್ ಹೆಚ್ಚೋ?"

ರೆನೇ ಪರದೆ ಸರಿಸಿ ಆಕಾಶ ನೋಡಿದಳು.

"ಹಿಮ ಅರ್ಧ ಅಡಿ ದಾಟದಿದ್ರೆ, ನೀನೇ."