ನನ್ನ ಸವತಿಯ ಹೆಸರು ಸುರಗಿ

ಮತ್ಸರ ನನ್ನ ಸ್ವಭಾವವಲ್ಲ. ಅದು ಮಹಾಪಾಪಗಳಲ್ಲೊಂದು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು, ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕವೂ ಬಂದಿತ್ತು. ಆದ್ದರಿಂದ ನಮ್ಮವರ ಫೋನನ್ನು ನಾನು ಇಣುಕಿ ನೋಡಿದ್ದು ಮತ್ಸರದಿಂದಲ್ಲ. ಚಾರ್ಜು ಎಷ್ಟಿದೆ ಎಂದು ತಿಳಿಯಲಿಕ್ಕೆ!

ನಮ್ಮವರಿಗೆ ಒಂದು ವಿಡಿಯೋ ಗೇಮಿನ ಹುಚ್ಚು. ಅದರಲ್ಲಿ ಹೊಲ ಉಳಬೇಕು, ಬಿತ್ತಬೇಕು, ಬೆಳೆದದ್ದನ್ನು ಕೆಡದಂತೆ ಇಡಬೇಕು. ಹಿತ್ತಲಿನ ಕರಿಬೇವಿಗೆ ಒಂದು ತಂಬಿಗೆ ನೀರು ಹಾಕದ ಮನುಷ್ಯ ಫೋನಿನೊಳಗೆ ಎಕರೆಗಟ್ಟಲೆ ಸಾಗುವಳಿ ಮಾಡುತ್ತಿದ್ದರು. ಅದರ ಬಗ್ಗೆ ಹರಟಲು ಮೊದಲು ಒಂದು ದೊಡ್ಡ ಜಾಲತಾಣದಲ್ಲಿದ್ದರು. ಅಲ್ಲಿ ಜಾಹೀರಾತು ಹೆಚ್ಚಾಯಿತೆಂದು ಮುನಿಸಿಕೊಂಡು, ಒಬ್ಬ ಮಾಲೀಕನೆಂಬವನೇ ಇಲ್ಲದ, ಯಾರ್ಯಾರೋ ನಡೆಸುವ ಪುಟ್ಟ ತಾಣಗಳೆಲ್ಲ ಒಂದಕ್ಕೊಂದು ಸೇರಿಕೊಂಡಿರುವ ಹೊಸ ಬಗೆಯ ಚರ್ಚಾತಾಣಕ್ಕೆ ಬಿಡಾರ ಬದಲಿಸಿದರು.

"ನಮ್ಮ ಕೇರಿ ಇದ್ದಾಂಗೆ ಕಾಣು," ಎಂದು ನನಗೆ ತಿಳಿಸಿ ಹೇಳಿದರು. "ಅವರವರ ಮನೆ ಅವರವರದ್ದು. ಹರಟೆ ಮಾತ್ರ ಎಲ್ಲರದ್ದೂ ಒಂದೇ."

ಕೇರಿ ಎಂದ ಮೇಲೆ ಬೇಲಿಯಾಚೆ ಒಬ್ಬಳು ಇರಲೇಬೇಕಲ್ಲ? ಇದ್ದಳು. ಕಡಲಗಿಳಿ ಎಂದು ಹೆಸರು. ಯಾವ ಮಣ್ಣಿಗೆ ಯಾವ ಬೀಜ ಎಂದು ಅವಳು ಹೇಳುವುದು, "ನಿಮ್ಮ ಮಾತು ಕೇಳಿದ ಮೇಲೆಯೇ ನನ್ನ ಹೊಲ ಹಸಿರಾಯಿತು" ಎಂದು ಇವರು ಬರೆಯುವುದು! ಇಂದು ಎಂತ ಸಾಂಬಾರು ಮಾಡಲಿ ಎಂದು ನಾನು ಕೇಳಿದರೆ ಮಾತ್ರ ಉತ್ತರ "ಹ್ಞೂಂ". ಇಷ್ಟು ವರ್ಷಗಳಲ್ಲಿ ನನ್ನ ಯಾವ ಮಾತಿನಿಂದಲೂ ಇವರಲ್ಲಿ ಏನೂ ಹಸಿರಾಗಿರಲಿಲ್ಲ.

ಇವರ ಕಿವಿಯನ್ನು ಮರಳಿ ನನ್ನ ಮಾತಿನತ್ತ ತಿರುಗಿಸುವುದು ನನ್ನ ಧರ್ಮವಾಯಿತು. ಬಾಗಿಲಲ್ಲಿ ಬೆಕ್ಕಿನ ಚಿತ್ರವಿದ್ದ ಒಂದು ಪುಟ್ಟ ತಾಣವನ್ನು ಆರಿಸಿಕೊಂಡು, ಸುರಗಿ ಎಂಬ ಹೆಸರಿನಲ್ಲಿ ನಾನೂ ಆ ಕೇರಿ ಹೊಕ್ಕೆ.

ಆಟದಲ್ಲಿ ಇವರ ಈರುಳ್ಳಿ ಕೊಳೆಯುತ್ತಿತ್ತು. ಕಡಲಗಿಳಿ ಬಾಯಿ ತೆರೆಯುವ ಮೊದಲೇ ನಾನು ಬರೆದೆ: ನಮ್ಮ ಕುಮಟೆಯ ಕಡೆ ಈರುಳ್ಳಿಯನ್ನು ರಾಶಿ ಹಾಕುವುದಿಲ್ಲ, ಜಡೆ ಹೆಣೆದು ಗಾಳಿಯಾಡುವಲ್ಲಿ ತೂಗುಹಾಕುತ್ತೇವೆ. ಜೊತೆಗೆ ಗೊಜ್ಜು ಮಾಡುವ ಕ್ರಮ. ನಂಬಿಕೆ ಬರಲೆಂದು ನಮ್ಮ ಅಡುಗೆಮನೆಯ ಈರುಳ್ಳಿ ಜಡೆಯ ಫೋಟೋ ಕೂಡ ಹಾಕಿದೆ. ಹಾಕಿದ ಮೇಲಷ್ಟೇ ಕಣ್ಣಿಗೆ ಬಿತ್ತು. ಆ ಜಡೆಯನ್ನು ತೂಗುಹಾಕಿದ್ದು ಇವರದೇ ನೀಲಿ ಚೌಕಳಿ ಲುಂಗಿಯ ಚೂರಿನಿಂದ!

ಹೆದರುವ ಅಗತ್ಯವೇ ಇರಲಿಲ್ಲ. ಇವರು ಫೋಟೋವನ್ನು ದೊಡ್ಡದು ಮಾಡಿ ನನ್ನ ಮೂಗಿನ ಮುಂದೆ ಹಿಡಿದರು. "ಕಾಣು, ಈ ಸುರಗಿಯವರ ಅಡುಗೆಮನೆ ಎಷ್ಟು ಚೊಕ್ಕ ಇದೆ. ನೀನೂ ಇದ್ದೀಯಲ್ಲ."

ಗುರುತು ಹಿಡಿದದ್ದು ಕಡಲಗಿಳಿ. ಮರುದಿನ ಬಾಡ ಊರಿನಿಂದ ನನ್ನ ನಾದಿನಿ ವಿದ್ಯಾ ಫೋನ್ ಮಾಡಿದಳು. "ಅತ್ಗೆ, ಅದು ನಾ ಹೆಣೆದು ಕೊಟ್ಟ ಜಡೆ ಅಲ್ದನೆ? ಹಸಿರು ಬಲೆದಾರ ಹಾಕಿ ಹೆಣೆಯೂದು ನಾನೊಬ್ಳೇ."

ಅಂದರೆ ಕಡಲಗಿಳಿ ನಮ್ಮ ವಿದ್ಯಾಳೇ, ಇವರು ಇಷ್ಟು ದಿನ ಮೆಚ್ಚಿ ಮೆಚ್ಚಿ ಹರಟಿದ್ದು ಸ್ವಂತ ತಂಗಿಯ ಜೊತೆ! ಜಡೆ, ಲುಂಗಿ ನೋಡಿ ಸುರಗಿ ನಾನೆಂದು ಅವಳಿಗೆ ತಿಳಿದಿತ್ತು; ಆ ಹೊಲದವರು ಅಣ್ಣನೇ ಎಂದು ಗೊತ್ತಾದದ್ದು ನಾನು ಹೇಳಿದ ಮೇಲೆಯೇ. ಇವರಿಗೂ ಹೇಳಿಬಿಡೋಣವೇ ಎಂದು ಕೇಳಿದೆ.

"ಬ್ಯಾಡ ಮಾರಾಯ್ತಿ. ಅಲ್ಲಿ ಅಣ್ಣಂಗೆ ಬುದ್ಧಿ ಹೇಳಿದಂಗೆ ಮನೇಲಿ ಹೇಳೂಕೆ ಆಗ್ತದಾ?"

ಅದೂ ನಿಜವೇ. ಸುಮ್ಮನಾದೆವು. ಆದರೆ ನನ್ನ ಸಂಕಟ ಮುಗಿಯಲಿಲ್ಲ. ಕಡಲಗಿಳಿ ಹಿಂದೆ ಸರಿದಳು, ಸುರಗಿ ಮುಂದೆ ಬಂದಳು. ಊಟಕ್ಕೆ ಕೂತರೆ ಸುರಗಿ, ಎದ್ದರೆ ಸುರಗಿ. ಸುರಗಿಯವರು ಎಷ್ಟು ತಾಳ್ಮೆಯವರು, ಸುರಗಿಯವರ ಮಾತು ಎಷ್ಟು ಮೃದು! ಎದುರಿಗೆ ಕೂತ ನನಗೆ ಅದೇ "ಹ್ಞೂಂ". ಆ ಹೆಂಗಸನ್ನು ಕಂಡರೆ ನನ್ನ ಮೈ ಉರಿಯತೊಡಗಿತು.

ಕೊನೆಗೆ ಅವಳನ್ನು ಓಡಿಸಿದ್ದು ನಾನಲ್ಲ. ಬೆಕ್ಕಿನ ಚಿತ್ರದ ಆ ತಾಣವನ್ನು ಹವ್ಯಾಸಕ್ಕೆ ನಡೆಸುತ್ತಿದ್ದ ಪುಣ್ಯಾತ್ಮ ಬೇಸತ್ತು ಬೀಗ ಹಾಕಿದ. ಸುರಗಿ, ಅವಳ ಮಾತು, ಅವಳ ಫೋಟೋ, ಎಲ್ಲವೂ ಮಾಯ. ಮಾಲೀಕನೇ ಇಲ್ಲದ ಕೇರಿಯಲ್ಲಿ ದೂರು ಯಾರಿಗೆ ಕೊಡುವುದು?

ಇವರ ಮುಖ ಬಾಡಿತು. ಕರುಣೆ ಬಂದು, ಜಡೆಯಲ್ಲಿ ಉಳಿದಿದ್ದ ಈರುಳ್ಳಿಯನ್ನೆಲ್ಲ ಕಿತ್ತು ಗೊಜ್ಜು ಮಾಡಿ ಬಡಿಸಿದೆ. ಒಂದು ತುತ್ತು ತಿಂದು ನಿಟ್ಟುಸಿರಿಟ್ಟರು. "ಸುರಗಿಯವರು ಹೇಳಿದ ಕ್ರಮದಲ್ಲಿ ಮಾಡಿದ್ರೆ ಇದರ ರುಚಿಯೇ ಬೇರೆ ಇರ್ತಿತ್ತು."

ಇನ್ನು ತಡೆಯಲಾಗಲಿಲ್ಲ. "ಆ ಸುರಗಿ ನಾನೇ," ಎಂದೆ.

ಇವರು ನನ್ನನ್ನು ಮರುಕದಿಂದ ನೋಡಿದರು. "ಹೊಟ್ಟೆಕಿಚ್ಚು ಪಡಬಾರ್ದೆ. ಅವರಷ್ಟು ಅಲ್ಲದಿದ್ರೂ ನೀನೂ ಒಳ್ಳೆಯವಳೇ."

ಸಾಕ್ಷಿಗೆ ಜಡೆ ತೋರಿಸೋಣವೆಂದರೆ ಅದು ಇವರ ತಟ್ಟೆಯಲ್ಲಿತ್ತು! ಮೊಳೆಯಲ್ಲಿ ಉಳಿದಿದ್ದ ನೀಲಿ ಚೂರನ್ನು ಬಿಚ್ಚಿ ತಂದು ಕಣ್ಣೆದುರು ಹಿಡಿದೆ. ಇವರು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಬದಲಾಯಿತು. ಕಡೆಗೂ ನನ್ನ ಗುರುತು ಸಿಕ್ಕಿತಲ್ಲ ಎಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ.

"ಇದು ನನ್ನ ಲುಂಗಿ ಅಲ್ದಾ? ಯಾರ ಕೇಳಿ ಹರಿದ್ಯೆ?"

ಸುರಗಿ ಹರಿದಿದ್ದರೆ ಎಷ್ಟು ಅಚ್ಚುಕಟ್ಟಾಗಿ ಹರಿದಿದ್ದಾರೆ ಎನ್ನುತ್ತಿದ್ದರು.