ಮೂರನೇ ದೀಪದ ಕಂಬ

ಟ್ಯಾಪ್ಸೆಲ್ ಸಾಹೇಬರ ಹೊಟ್ಟೆಯುರಿಗೆ ಕಾರಣ ಒಂದು ದೀಪದ ಕಂಬ.

ನಮ್ಮ ಟ್ರಿಂಡಲ್ ಹಳ್ಳಿಯ ಪ್ಲಾಟ್‌ಫಾರ್ಮಿನಲ್ಲಿ ಮೂರನೇ ಕಂಬದ ಪಕ್ಕ ನಿಂತರೆ, ಏಳು ಹನ್ನೆರಡರ ಲಂಡನ್ ರೈಲಿನ ಬಾಗಿಲು ಸರಿಯಾಗಿ ಮೂಗಿನ ಮುಂದೆಯೇ ತೆರೆದುಕೊಳ್ಳುತ್ತಿತ್ತು. ಮೊದಲು ಹತ್ತಿದವನಿಗೆ ಕಿಟಕಿ ಸೀಟು. ಉಳಿದವರಿಗೆ ಒಂದು ಗಂಟೆ ಪರರ ಕಂಕುಳು. ಈ ನೂಕುನುಗ್ಗಲಿನ ಬಗ್ಗೆ ಟ್ಯಾಪ್ಸೆಲ್ ರೈಲ್ವೆಯವರಿಗೆ ತಿಂಗಳಿಗೊಂದು ದೂರು ಬರೆಯುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದಿಂದ ಆ ಜಾಗ ಅವರದೇ. ಯಾರೂ ಬರೆದುಕೊಟ್ಟಿರಲಿಲ್ಲ. ನಮ್ಮಲ್ಲಿ ಕೆಲವು ಹಕ್ಕುಗಳೇ ಹಾಗೆ. ಬಾಯಿಬಿಟ್ಟು ಕೇಳಿದರೆ ಮರ್ಯಾದೆ ಹೋಗುತ್ತದೆ.

ಹಸು ಮೇಯುತ್ತಿದ್ದ ಬಯಲಿನಲ್ಲಿ ನಲವತ್ತು ಹೊಸ ಮನೆ ಎದ್ದವು. ಒಂದಕ್ಕೆ ಜೋಲಿಯನ್ ಹ್ಯಾಸ್ಕ್ ಬಂದ. ಬಂದು ಮೂರೇ ವಾರ. ಅಷ್ಟರಲ್ಲಿ ಪಾದ್ರಿಗಳು ಚರ್ಚಿನ ಗಂಟೆ ಬಾರಿಸುವ ಹಗ್ಗವನ್ನೇ ಅವನ ಕೈಗೆ ಕೊಟ್ಟರು. ಟ್ಯಾಪ್ಸೆಲ್‌ರ ಹೆಂಡತಿ ಮ್ಯೂರಿಯಲ್ ಕೂಡ, "ಎಷ್ಟು ಒಳ್ಳೇ ಮನುಷ್ಯ! ನಮ್ಮ ಬೇಲೀನೂ ಕತ್ತರಿಸಿಕೊಟ್ಟ" ಎಂದಳು. ಟ್ಯಾಪ್ಸೆಲ್ ಅದನ್ನೂ ನುಂಗಿಕೊಂಡರು. ಆದರೆ ಹೋದ ವಾರ ಐದೂ ದಿನ ಹ್ಯಾಸ್ಕ್ ಮೂರನೇ ಕಂಬದ ಬಳಿ ನಿಂತು 'ಗುಡ್ ಮಾರ್ನಿಂಗ್' ಎಂದಾಗ ಮಾತ್ರ, ಹೊಸ್ತಿಲಲ್ಲಿ ಸವತಿಯನ್ನು ಕಂಡಂತಾಯಿತು.

ಸೋಮವಾರ ಐದಕ್ಕೇ ಎದ್ದರು.

"ರೈಲು ಏಳಕ್ಕಲ್ವಾ?" ಮ್ಯೂರಿಯಲ್ ಹೊದಿಕೆಯೊಳಗಿಂದಲೇ ಕೇಳಿದಳು.

"ಆಫೀಸಲ್ಲಿ ಕೆಲಸ ಇದೆ."

"ಆಫೀಸಿನ ಬೀಗ ತೆಗೆಯೋದು ಒಂಬತ್ತಕ್ಕೆ. ಕಂಬದ ಕೆಲಸ ಅನ್ನಿ!"

ಟೋಸ್ಟನ್ನು ಬಾಯಲ್ಲಿ ಕಚ್ಚಿಕೊಂಡು ಹೊಲದ ಅಡ್ಡದಾರಿ ಹಿಡಿದರು. ಬೇಲಿ ದಾಟುವಾಗ ಕಾಲು ಜಾರಿ ತುರಿಕೆ ಗಿಡದ ಪೊದೆಯ ಮೇಲೆ ಅಂಗಾತ ಬಿದ್ದರು. ಎದ್ದಾಗ ಟೋಸ್ಟು ನಾಯಿಯೊಂದರ ಬಾಯಲ್ಲಿತ್ತು. ಅದೂ ಹ್ಯಾಸ್ಕನ ನಾಯಿ.

ಆರೂಕಾಲಿಗೆಲ್ಲ ಕಂಬ ಅವರ ವಶವಾಯಿತು. ತುರಿಕೆ ತಾಳಲಾರದೆ ಎಮ್ಮೆಯ ಹಾಗೆ ಬೆನ್ನನ್ನು ಅದಕ್ಕೇ ಉಜ್ಜುತ್ತ ನಿಂತರು.

ಟೀ ಅಂಗಡಿಯ ಹಿಲ್ಡಾ ಕಿಟಕಿ ತೆರೆದಳು. "ಏನ್ರೀ ಟ್ಯಾಪ್ಸೆಲ್, ಕಂಬ ಬೀಳದ ಹಾಗೆ ಆತುಕೊಂಡಿದ್ದೀರಾ?"

"ಹಿಲ್ಡಾ, ಒಂದು ಟೀ ಇಲ್ಲಿಗೇ ತಂದುಕೊಡಮ್ಮಾ."

"ಯಾಕೆ, ಕಾಲಿಲ್ವಾ?"

"ಬಿಟ್ಟರೆ ಹೋಯ್ತು. ನಿನ್ನೆ ಮೊನ್ನೆ ಬಂದವರೆಲ್ಲ ಬಂದು ನಿಲ್ತಾರೆ."

ಹಿಲ್ಡಾ ಬಿದ್ದು ಬಿದ್ದು ನಕ್ಕಳು. "ನೀವು ಬಂದ ವರ್ಷ ಮುದುಕ ಆಂಬ್ರೋಸ್ ಇದೇ ಮಾತು ಅಂದಿದ್ದ. ಆಗ ಆ ಕಂಬ ಅವನದು ಕಣ್ರೀ! ನೀವೂ ಗುಡ್ ಮಾರ್ನಿಂಗ್ ಅಂದ್ಕೊಂಡೇ ಬಂದು ನಿಂತ್ರಿ. ಅದಿರಲಿ, ಟಿಕೆಟ್ ಕಿಟಕಿ ಹತ್ರ ನೋಟೀಸ್ ಅಂಟಿಸಿದ್ದಾರೆ, ಓದಿದ್ರಾ?"

"ನೋಟೀಸ್ ಎಲ್ಲೂ ಓಡಿಹೋಗಲ್ಲ. ಜಾಗ ಹೋಗುತ್ತೆ."

ಏಳಕ್ಕೆ ಹ್ಯಾಸ್ಕ್ ಬಂದ. ಟ್ಯಾಪ್ಸೆಲ್ ಎದೆಯುಬ್ಬಿಸಿ ತಾವೇ ಮೊದಲು 'ಗುಡ್ ಮಾರ್ನಿಂಗ್' ಎಂದರು. ಅವನು ನಗುತ್ತ ಟೋಪಿ ಮುಟ್ಟಿ, ಮುಂದೆ ಹೋಗಿ ಆ ತುದಿಯ ಮುರುಕು ಬೆಂಚಿನ ಹತ್ತಿರ ನಿಂತ. ಉಳಿದವರೂ ಒಬ್ಬೊಬ್ಬರಾಗಿ ಅತ್ತಲೇ ನಡೆದರು. 'ಹೆದರಿದರು' ಎಂದುಕೊಂಡರು ಟ್ಯಾಪ್ಸೆಲ್.

ರೈಲು ಬಂತು. ನಾಲ್ಕು ಡಬ್ಬಿ ಇರಬೇಕಾದಲ್ಲಿ ಎಂಟು! ಅವರ ಮೂಗಿನ ಮುಂದೆಯೇ ಸಾಗಿ ಸಾಗಿ ನಿಂತಾಗ, ಎದುರಿಗಿದ್ದದ್ದು ಎರಡು ಡಬ್ಬಿಗಳ ನಡುವಿನ ಕೊಂಡಿ. ನಮ್ಮ ಗಿಡ್ಡ ಪ್ಲಾಟ್‌ಫಾರ್ಮಿಗೆ ತೆರೆದ ಬಾಗಿಲು ಒಂದೇ, ಅದೂ ಮುರುಕು ಬೆಂಚಿನ ಮುಂದೆ.

ಓಡೋಡಿ ಕೊನೆಯವರಾಗಿ ಹತ್ತಿದರು. ಹೊಸ ಡಬ್ಬಿಗಳೂ ಹಿಂದಿನ ಊರುಗಳಲ್ಲೇ ತುಂಬಿ ಬಂದಿದ್ದವು; ಅಲ್ಲೂ ಹಸುವಿನ ಬಯಲುಗಳಲ್ಲಿ ಮನೆ ಎದ್ದಿದ್ದವಲ್ಲ! ಉಳಿದಿದ್ದ ಒಂದೇ ಕಿಟಕಿ ಸೀಟಿನಲ್ಲಿ ಹ್ಯಾಸ್ಕ್ ಕೂತಿದ್ದ.

"ಟ್ಯಾಪ್ಸೆಲ್ ಅವರೇ, ದೊಡ್ಡ ಉಪಕಾರ ಆಯ್ತು!" ಎಂದ ಅಲ್ಲಿಂದಲೇ.

"ಯಾತಕ್ಕೆ?"

"ನೋಟೀಸಲ್ಲಿ ನಿಮ್ಮ ಹೆಸರೇ ಇದೆಯಲ್ಲ! ನೀವು ಬಿಡದೆ ದೂರು ಬರೆದದ್ದಕ್ಕೇ ರೈಲು ಉದ್ದ ಮಾಡಿದರಂತೆ. ಇವತ್ತಿಂದ ಬೆಂಚಿನ ಹತ್ತಿರವೇ ಕಾಯಿರಿ ಅಂತಾನೂ ಇತ್ತು."

ಡಬ್ಬಿಯವರೆಲ್ಲ ಚಪ್ಪಾಳೆ ತಟ್ಟಿದರು. ಟ್ಯಾಪ್ಸೆಲ್ ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಇನ್ನೊಂದರಲ್ಲಿ ಬೆನ್ನು ಕೆರೆದುಕೊಳ್ಳುತ್ತ, ಲಂಡನ್ ತನಕ ನಿಂತೇ ವಂದನೆ ಸ್ವೀಕರಿಸಿದರು.